ಮಾವನ ಊಟಕ್ಕೆ ಅಂಕೋಲೆಯ ಮೀನು

ಸಮುದ್ರದಲ್ಲಿ ಮೀನು ಹಿಡಿಯುವುದು ಹೇಗೆ, ಹಿಡಿದದ್ದನ್ನು ಅಡುಗೆ ಮಾಡುವುದು ಹೇಗೆ ಎಂದು ಇದುವರೆಗೆ ನನ್ನನ್ನು ಯಾರೂ ಕೇಳಿಲ್ಲ. ಆದರೂ ಹೇಳುತ್ತೇನೆ. ಯರಗಟ್ಟಿಯಲ್ಲಿ ಪಂಪಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಸಮುದ್ರದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಕಸ್ತೂರಿಯೂ ಅದನ್ನೇ ಕೇಳಿದಳು. ಆದರೆ ನಾನು ಹುಟ್ಟಿದ್ದು ಮನೋಳಿಯಲ್ಲಿ, ಮಲಪ್ರಭೆಯ ದಂಡೆಯ ಮೇಲೆ. ಸಾಲಿಗೆ ಹೋಗುವ ಮೊದಲೇ ಗಾಳ ಹಾಕಲು ಕಲಿತವನು. ನೀರು ಅಂದರೆ ನೀರು, ಮೀನು ಅಂದರೆ ಮೀನು. ಹೊಳೆಗಿಂತ ಸಮುದ್ರ ತುಸು ಅಗಲ ಇರುತ್ತದೆ, ಅಷ್ಟೇ ಎಂಬುದು ನನ್ನ ಅಂದಿನ ಖಚಿತ ಅಭಿಪ್ರಾಯವಾಗಿತ್ತು!

ಇದಕ್ಕೆಲ್ಲ ಕಾರಣ ನನ್ನ ಮಾವ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬಸ್ ಡ್ರೈವರಾಗಿ ರಿಟೈರಾಗಿ ದೊಡವಾಡದಲ್ಲಿದ್ದ ಮಾವನವರಿಗೆ ಬೀಪಿ ಏರಿ ತಲೆ ಸುತ್ತಿ ಬಂತು. ಕಸ್ತೂರಿ ಅವರನ್ನು ನಮ್ಮ ಮನೆಗೆ ಕರೆತಂದಳು. ಡಾಕ್ಟರು ನೋಡಿ, ಗುಳಿಗೆ ಬರೆದು, ಅಡುಗೆಗೆ ಉಪ್ಪು ಹಾಕಲೇಬೇಡಿ ಎಂದು ಹೇಳಿ ಕಳಿಸಿದರು. ಅಂದಿನಿಂದ ಮಾವ ಊಟ ಬಿಟ್ಟರು. ತಾಟಿನ ಮುಂದೆ ಕೂಡುವುದು, ಒಂದು ತುತ್ತು ರೊಟ್ಟಿ ಮುರಿಯುವುದು, ಪಲ್ಯೆಗೆ ಹಚ್ಚುವುದು, ಬಾಯಲ್ಲಿಟ್ಟು ಮೋರೆ ಕಿವಿಚುವುದು. “ಗ್ವಾಡಿ ಮಣ್ಣು ತಿಂದಂಗ ಆಗತೈತಿ, ನನಗ ಬ್ಯಾಡವ್ವಾ” ಎಂದು ತಾಟು ಸರಿಸಿ ಎದ್ದುಬಿಡುವರು. ಸ್ಟೇರಿಂಗ್ ತಿರುವಿ ತಿರುವಿ ಗಟ್ಟಿಯಾಗಿದ್ದ ತೋಳು ನೋಡನೋಡುತ್ತಲೇ ಜೋತುಬಿತ್ತು. ಮೀಸೆ ಮಾತ್ರ ಮೊದಲಿನಷ್ಟೇ ದಪ್ಪ ಉಳಿದು, ಮುಖ ಅದರ ಹಿಂದೆ ಅಡಗುತ್ತ ಹೋಯಿತು.

ಕಸ್ತೂರಿ ಒಲೆಯ ಮುಂದೆ ಕುಳಿತು ಅಳತೊಡಗಿದಳು. “ಡಾಕ್ಟರ್ ಮಾತು ಕೇಳಿದ್ರ ಅಪ್ಪ ಉಪವಾಸ ಸಾಯ್ತಾನ. ಕೇಳಲಿಲ್ಲಂದ್ರ ಬೀಪಿಲೆ ಸಾಯ್ತಾನ. ನಾ ಏನ್ ಮಾಡ್ಲಿ ಹೇಳ್ರಿ.” ನನಗೂ ಸಂಕಟವಾಯಿತು. ಮಾವ ನನ್ನನ್ನು ಮಗನಂತೆ ಕಂಡವರು. ಅವರ ಎದುರು ಉಪ್ಪಿನಕಾಯಿ ತಿನ್ನಲು ಮನಸ್ಸಾಗದೆ ನಾನು ಭರಣಿಯನ್ನೇ ಅಂಗಡಿಗೆ ಸಾಗಿಸಿದ್ದೆ. ಗ್ರೀಸಿನ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಕದ್ದು ತಿನ್ನುತ್ತಿದ್ದೆ. ಒಮ್ಮೆ ಗ್ರೀಸಿನ ಡಬ್ಬಿಗೇ ಬೆರಳು ಹಾಕಿದೆ, ಆ ಮಾತು ಬಿಡಿ.

ಆಗ ನನಗೆ ಆ ಮಹತ್ತರವಾದ ಹೊಳಹು ಬಂತು. ಮಾವ ಎಷ್ಟೋ ವರ್ಷ ಕಾರವಾರದ ಬಸ್ ಓಡಿಸಿದವರು. ಅಲ್ಲಿಯ ಖಾನಾವಳಿಯ ಮೀನಿನ ಊಟವನ್ನು ರಿಟೈರಾದ ಮೇಲೂ ಕಣ್ಣುಮುಚ್ಚಿ ನೆನೆಯುತ್ತಿದ್ದರು. ಅದರ ರುಚಿ ಬಾಯಲ್ಲಿ ಹುಬ್ಬಳ್ಳಿಯವರೆಗೂ ನಿಲ್ಲುತ್ತಿತ್ತಂತೆ. ನಮ್ಮ ಯರಗಟ್ಟಿ ಸಂತೆಗೆ ಬರುವ ಸಮುದ್ರದ ಮೀನೆಂದರೆ ಒಣಮೀನು ಒಂದೇ. ಅದು ಎಷ್ಟು ಉಪ್ಪಿರುತ್ತದೆಂದರೆ ಕಸ್ತೂರಿ ಅದನ್ನು ನೀರಲ್ಲಿ ನೆನೆಹಾಕಿ ಹಿಂಡಿ ಆಮೇಲೆ ಒಲೆಗೆ ಹಾಕುತ್ತಾಳೆ. ಸಾರಿಗೆ ಬೇರೆ ಉಪ್ಪು ಹಾಕುವುದೇ ಇಲ್ಲ. ಹಾಗಾದರೆ ಸಮುದ್ರದ ಮೀನಿನಲ್ಲಿ ಉಪ್ಪು ಹುಟ್ಟಿನಿಂದಲೇ ಇರುತ್ತದೆ ಎಂದಾಯಿತಲ್ಲ! ತತ್ತಿಯಿಂದ ಹೊರಗೆ ಬಂದ ಗಳಿಗೆಯಿಂದ ಉಪ್ಪುನೀರು ಕುಡಿದೇ ಬೆಳೆದ ಪ್ರಾಣಿ. ಅದನ್ನು ಉಪ್ಪು ಹಾಕದೆ ಬೇಯಿಸಿದರೆ ಡಾಕ್ಟರ ಮಾತೂ ಉಳಿಯುತ್ತದೆ, ಮಾವನ ನಾಲಿಗೆಯೂ ತಣಿಯುತ್ತದೆ. ಡಾಕ್ಟರು ಉಪ್ಪು ಹಾಕಬೇಡಿ ಎಂದಿದ್ದರೇ ಹೊರತು ಉಪ್ಪಿನಲ್ಲಿ ಬೆಳೆದದ್ದನ್ನು ತಿನ್ನಬೇಡಿ ಎಂದಿರಲಿಲ್ಲ.

ಕಸ್ತೂರಿ ಅನುಮಾನಿಸಿದಳು. ಉಪ್ಪುನೀರಿನಲ್ಲಿ ಬೆಳೆದದ್ದು ಉಪ್ಪಾಗುತ್ತದೆ ಎಂದಾದರೆ ನಿಮ್ಮ ಮಲಪ್ರಭಾ ಮೀನು ಕೆಸರಾಗಬೇಕಿತ್ತಲ್ಲ ಎಂದಳು. “ಆಗತೈತಲ್ಲ, ಕೆಸರ ವಾಸನಿ ಬರೂದಿಲ್ಲೇನು?” ಎಂದೆ. ಅವಳು ಮೂಗು ಮುರಿದು ರೊಟ್ಟಿ ಬಡಿಯಲು ಎದ್ದುಹೋದಳು. ನನ್ನ ಸಂಸಾರದಲ್ಲಿ ವಾದ ಗೆದ್ದದ್ದು ಅದೊಂದೇ ಸಲ.

ನನ್ನ ದೋಸ್ತ ರಾಜೇಸಾಬನ ತಂಗಿಯನ್ನು ಅಂಕೋಲೆಗೆ ಕೊಟ್ಟಿತ್ತು. ಅವನನ್ನು ಜೊತೆ ಮಾಡಿಕೊಂಡು ಹೊರಟೆ. ಉಪ್ಪಿನ ಸಂಗತಿಯನ್ನು ಮಾತ್ರ ಅವನಿಗೂ ಬಿಟ್ಟುಕೊಡಲಿಲ್ಲ. ಇಂಥ ಸಂಶೋಧನೆ ಬಾಯಿಂದ ಬಾಯಿಗೆ ಹರಡಿದರೆ ಬೀಪಿ ಡಾಕ್ಟರುಗಳ ಗತಿ ಏನು? ಮನೋಳಿಯಿಂದ ನನ್ನ ಹಳೆಯ ಗಾಳ ತರಿಸಿದೆ. ಮೀನು ಕಚ್ಚಿದರೆ ಮುಳುಗಿ ತಿಳಿಸಲೆಂದು ಅದಕ್ಕೆ ಜೋಳದ ದಂಟಿನ ಬೆಂಡು ಕಟ್ಟಿದೆ. ಎರೆಗೆಂದು ಜೋಳದ ಹಿಟ್ಟನ್ನು ಗಟ್ಟಿಯಾಗಿ ನಾದಿ ಉಂಡೆ ಮಾಡಿಕೊಂಡೆ. ನಮ್ಮ ಹೊಳೆಯ ಮೀನು ಈ ಉಂಡೆಗೆ ಪ್ರಾಣ ಬಿಡುತ್ತವೆ.

ಅಂಕೋಲೆಯ ದಂಡೆಯಲ್ಲಿ ಬೆಳಗಿನ ಹೊತ್ತು ನಿಂತು ಮೊದಲ ಗಾಳ ಎಸೆದೆ. ಬೆಂಡು ಮುಳುಗಿತು. ಎಳೆದೆ. ಏನೂ ಇಲ್ಲ. ಮತ್ತೆ ಎಸೆದೆ, ಮತ್ತೆ ಮುಳುಗಿತು, ಮತ್ತೆ ಎಳೆದೆ. ಎಂಥ ಮೀನಿನ ಸಂಪತ್ತು, ಎಸೆದ ಕೂಡಲೇ ಕಚ್ಚುತ್ತವೆ ಎಂದು ಹಿಗ್ಗಿದೆ. ತೆರೆ ಬಂದಾಗೊಮ್ಮೆ ಬೆಂಡು ಮುಳುಗುತ್ತದೆ ಎಂದು ತಿಳಿಯುವಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಗಿತ್ತು. ಹಿಟ್ಟಿನ ಉಂಡೆಯಂತೂ ನೀರು ಮುಟ್ಟಿದ ಗಳಿಗೆಯಲ್ಲೇ ಕರಗಿ ಅಂಬಲಿಯಾಗುತ್ತಿತ್ತು. ಹೀಗೆ ನಾನು ಅರಬ್ಬೀ ಸಮುದ್ರಕ್ಕೆ ಸುಮಾರು ಹೊತ್ತು ಜೋಳದ ಅಂಬಲಿ ಕುಡಿಸಿದೆ.

ಇನ್ನೊಂದು ಅನಾಹುತ ಬೆನ್ನ ಹಿಂದೆ ನಡೆದಿತ್ತು. ಹೊಳೆಯ ರೂಢಿಯಂತೆ ಚಪ್ಪಲಿಯನ್ನೂ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನೂ ನೀರಿನಿಂದ ನಾಲ್ಕು ಮಾರು ದೂರ ಇಟ್ಟಿದ್ದೆ. ತಿರುಗಿ ನೋಡಿದರೆ ಚಪ್ಪಲಿಯ ಸುಳಿವಿಲ್ಲ, ಗಂಟು ತೇಲುತ್ತ ಗೋವೆಯ ಕಡೆಗೆ ಹೊರಟಿದೆ! ಮಳೆ ಇಲ್ಲ, ಮೋಡ ಇಲ್ಲ, ನೀರು ಏರಿದ್ದು ಹೇಗೆ? ನಾನು ಕೂಗಿ ರಾಜೇಸಾಬನನ್ನು ಕರೆದು, ಎಲ್ಲಿಯೋ ಡ್ಯಾಮಿನ ಗೇಟು ಬಿಟ್ಟಿದ್ದಾರೆ, ಓಡು ಎಂದೆ. ಮಲಪ್ರಭೆಯ ನವಿಲುತೀರ್ಥ ಡ್ಯಾಮಿನ ಗೇಟು ಎತ್ತುವುದಿದ್ದರೆ ನಮ್ಮೂರಲ್ಲಿ ಮೊದಲು ಡಂಗುರ ಹೊಡೆಯುತ್ತಾರೆ, ಇಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದು ಸಿಟ್ಟು ಮಾಡಿದೆ. ರಾಜೇಸಾಬ ಮೊಣಕಾಲುಮಟ ನೀರಲ್ಲಿ ನಿಂತು ನನ್ನನ್ನೇ ನೋಡಿದ.

“ದೋಸ್ತ, ಸಮುದ್ರಕ್ಕ ಡ್ಯಾಮ್ ಎಲ್ಲಿ ಕಟ್ಟತಾರ?” ಎಂದ.

ಕಡೆಗೆ ಅವನ ತಂಗಿಯ ಗಂಡ ಬಂದು ಬೆಂಡು ಕಿತ್ತೊಗೆದ. ದಾರಕ್ಕೆ ಸೀಸದ ಗುಂಡು ಕಟ್ಟಿ, ಹಸಿ ಸಿಗಡಿಯನ್ನು ಎರೆಯಾಗಿ ಸಿಕ್ಕಿಸಿ, ಎಸೆದ ಮೇಲೆ ದಾರವನ್ನು ಬೆರಳ ಮೇಲೆ ಹಿಡಿದಿರಬೇಕೆಂದು ತೋರಿಸಿದ. ಮೀನು ಕಚ್ಚಿದರೆ ಬೆರಳಿಗೇ ತಿಳಿಯುತ್ತದೆ. ಇದು ನಿಜಕ್ಕೂ ಒಳ್ಳೆಯ ಸಲಹೆ. ನೀವೂ ನೆನಪಿಟ್ಟುಕೊಳ್ಳಿ, ಈ ಬರಹದಲ್ಲಿ ಇಂಥದು ಇನ್ನೊಂದು ಸಿಗುವುದಿಲ್ಲ. ನೋಡನೋಡುತ್ತ ಉದ್ದನೆಯ, ಬೆಳ್ಳನೆಯ ಕಾಣೆ ಮೀನುಗಳು ಬಂದವು. ಒಂದು ಮನೆಯ ಊಟಕ್ಕೆ ಸಾಕಾಗುವಷ್ಟು. ನಾನೇ ಎಳೆದು ಹಾಕಿದ್ದು! ಮಾವ ಇವನ್ನು ಉಣ್ಣುವುದನ್ನು ನೆನೆಸಿ ನನಗೆ ಅಲ್ಲಿಯೇ ಕಣ್ಣು ತುಂಬಿತು.

ರಾಜೇಸಾಬನ ತಂಗಿ ಮೀನು ಸ್ವಚ್ಛ ಮಾಡಿ ಬರ್ಫದಲ್ಲಿಟ್ಟು ಕೊಡಲು ಬಂದಳು. ನಾನು ಬಿಡಲಿಲ್ಲ. ಬರ್ಫ ಸಿಹಿನೀರಿನದು, ಕರಗಿದರೆ ಮೀನಿನ ಉಪ್ಪೆಲ್ಲ ತೊಳೆದುಹೋಗುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಸಮುದ್ರದ ನೀರು ತುಂಬಿ, ಅದರಲ್ಲಿ ಮೀನು ಬಿಟ್ಟು, ಬರ್ಫವನ್ನು ಡಬ್ಬಿಯ ಹೊರಗೆ ಸುತ್ತಿಸಿದೆ. ಅವಳು ಪಾಪ, ಒಳ್ಳೆಯ ಹೆಣ್ಣುಮಗಳು. “ಅಣ್ಣಾರ, ಅಡಗಿ ಮಾಡೂ ಮೊದಲ ಉಪ್ಪು ಹಚ್ಚಿ ಒಂದ್ ತಾಸು ಇಡ್ರಿ” ಎಂದು ಹೇಳಿ ಕಳಿಸಿದಳು. ನಾನು ಒಳಗೊಳಗೇ ನಕ್ಕೆ. ಸಮುದ್ರದ ಮಗ್ಗುಲಲ್ಲಿ ಸಂಸಾರ ಮಾಡಿಯೂ ಇಷ್ಟು ತಿಳಿಯಲಿಲ್ಲವಲ್ಲ ಎಂದು ಮರುಗಿದೆ.

ಅವಳ ಗಂಡನ ಹಳೆಯ ಚಪ್ಪಲಿ ಮೆಟ್ಟಿಕೊಂಡು ಬಸ್ ಹತ್ತಿದೆ. ಧಾರವಾಡದಲ್ಲಿ ಬಸ್ ಬದಲಿಸಿದೆವು. ಮುಂದಿನ ಸೀಟಿಗೆ ಚುರಮುರಿ ವ್ಯಾಪಾರಿಯೊಬ್ಬ ಬಂದು ಚೀಲವನ್ನು ಕಾಲ ಬಳಿ ಇಟ್ಟುಕೊಂಡ. ಸವದತ್ತಿ ಇನ್ನೂ ದೂರವಿರುವಾಗ ಬಸ್ಸು ಒಂದು ತೆಗ್ಗಿಗೆ ಧಡಕ್ಕನೆ ಬಿತ್ತು. ನನ್ನ ಡಬ್ಬಿಯ ಮುಚ್ಚಳ ಹಾರಿ ಸಮುದ್ರವೆಲ್ಲ ಸೀಟಿನ ಕೆಳಗೆ ಹರಿದು ಚೀಲಕ್ಕೆ ನುಗ್ಗಿತು. ನೆನೆದ ಚುರಮುರಿಗೆ ಒಗ್ಗರಣೆ ಒಂದು ಕೊಟ್ಟಿದ್ದರೆ ಅರ್ಧ ಚೀಲ ಸೂಸಲ ಆಗುತ್ತಿತ್ತು! ವ್ಯಾಪಾರಿ ಎದ್ದುನಿಂತು ನನ್ನ ವಂಶವನ್ನೆಲ್ಲ ನೆನೆದ. ಕಂಡಕ್ಟರ್ ಮೂಗು ಮುಚ್ಚಿಕೊಂಡು ಬಂದು, ಡಬ್ಬಿಯಲ್ಲಿ ಏನಿದೆ ಎಂದು ಗದರಿದ. ರಾಜೇಸಾಬ ತಣ್ಣಗೆ, ಇವರ ಮಾವನವರ ಔಷಧ ಎಂದ. ಕಂಡಕ್ಟರ್ ಇನ್ನೊಮ್ಮೆ ಮೂಸಿ ನೋಡಿ, ಮಾವನವರು ಇನ್ನೂ ಇದ್ದಾರೋ ಎಂದು ವಿಚಾರಿಸಿದ. ನನ್ನ ಚಿಂತೆ ಬೇರೆಯೇ ಇತ್ತು. ಚೆಲ್ಲಿದ ನೀರಿನ ಜೊತೆ ಮೀನಿನ ಉಪ್ಪೂ ಹೋಯಿತೇ? ಒಂದು ಮೀನು ಎತ್ತಿ ಎಲ್ಲರೆದುರು ನೆಕ್ಕಿ ನೋಡಿದೆ. ಉಪ್ಪು ಇತ್ತು! ಮುಂದೆ ಯರಗಟ್ಟಿಯವರೆಗೆ ನನ್ನ ಪಕ್ಕದಲ್ಲಿ ರಾಜೇಸಾಬನೂ ಕೂಡಲಿಲ್ಲ.

ಮನೆಗೆ ಬಂದವನೇ ಅಡುಗೆಮನೆ ವಶಪಡಿಸಿಕೊಂಡೆ. ಉಪ್ಪಿನ ಡಬ್ಬಿಯನ್ನು ಅಟ್ಟದ ಮೇಲೆ ಇಡಿಸಿದೆ. ಕಸ್ತೂರಿ ಬಸ್ಸಿನ ವಾಸನೆ ಹೋಗಲೆಂದು ಮೀನುಗಳನ್ನು ಬಾವಿಯ ನೀರಲ್ಲಿ ಮತ್ತೆ ಮತ್ತೆ ತಿಕ್ಕಿ ತೊಳೆದಳು. ನಾನು ಬೆಳ್ಳುಳ್ಳಿ ಜಜ್ಜಿ, ಹುಣಸೆಹುಳಿ ಹಿಂಡಿ, ಕೆಂಪು ಖಾರ ಹಾಕಿ ಸಾರು ಕುದಿಸಿದೆ. ರುಚಿ ನೋಡಲಿಲ್ಲ. ಮೊದಲ ತುತ್ತು ಮಾವನದೇ ಆಗಬೇಕು ಎಂಬ ಭಕ್ತಿ. ಘಮಲು ಪಡಸಾಲೆಗೆ ಹೋಯಿತು. ಯಾರೂ ಕರೆಯದೆ ಮಾವ ತಾವೇ ಎದ್ದು, ಕೈ ತೊಳೆದುಕೊಂಡು, ಒಳಗೆ ಬಂದು ಕುಳಿತರು. ಹಾಗೆ ಬಂದು ಕೂತು ಎಷ್ಟೋ ದಿನವಾಗಿತ್ತು. ಕಸ್ತೂರಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಮಾವ ಬಿಸಿ ರೊಟ್ಟಿ ಮುರಿದು, ಮೀನಿನ ತುಂಡು ಸೇರಿಸಿ, ಸಾರಲ್ಲಿ ಅದ್ದಿ ಬಾಯಿಗಿಟ್ಟರು. ಅಗಿದರು. ಅಗಿಯುವುದನ್ನು ನಿಲ್ಲಿಸಿದರು. ಮೀಸೆ ಒಮ್ಮೆ ಎಡಕ್ಕೆ ಹೋಯಿತು, ಒಮ್ಮೆ ಬಲಕ್ಕೆ ಹೋಯಿತು. ಉಪ್ಪು ಸಾಕಾಯಿತೇ ಎಂದು ನಾನು ವಿನಯದಿಂದ ಕೇಳಿದೆ. ಸಮುದ್ರದ ಮೀನಿನಲ್ಲಿ ಉಪ್ಪು ತಾನಾಗಿಯೇ ಇರುತ್ತದೆಂದೂ, ಅದಕ್ಕೇ ನಾನು ಒಂದು ಹರಳೂ ಹಾಕಿಲ್ಲವೆಂದೂ ವಿವರಿಸಿದೆ. ಮಾವ ತುತ್ತು ನುಂಗಿದರು.

“ಅಳಿಯಾರ, ಹುಟ್ಟಿದಾಗಿಂದ ನೀರಾಗ ಇರೂ ಎಮ್ಮಿ ಹಾಲಿಗೆ ಗೌಳಿ ಯಾಕ್ ಮತ್ತ ನೀರು ಹಾಕ್ತಾನ?” ಎಂದರು.

ನನಗೆ ಅರ್ಥವಾಗುವ ಮೊದಲೇ ಅವರು ನಗಲು ಶುರು ಮಾಡಿದ್ದರು. ಸಂತೆಯ ಒಣಮೀನಿಗೆ ಉಪ್ಪನ್ನು ಹೊರಗಿನಿಂದ ತುಂಬಿ ಬಿಸಿಲಿಗೆ ಹಾಕುತ್ತಾರೆ, ಹಸಿಮೀನಿಗೆ ಮನುಷ್ಯನೇ ಹಾಕಬೇಕು ಎಂದು ನಗುತ್ತಲೇ ಹೇಳಿದರು. ತೊಡೆ ತಟ್ಟಿ ನಕ್ಕರು, ಕೆಮ್ಮಿದರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಕಸ್ತೂರಿ ಬೀಪಿ ಏರೀತೆಂದು ಹೆದರಿ ನೀರು ತಂದಳು. ಮಾವ ನೀರು ಬೇಡವೆಂದು ರೊಟ್ಟಿ ಕೇಳಿದರು. ಡ್ಯಾಮಿನ ಗೇಟಿನ ಕತೆ ಹೇಳಿಸಿಕೊಂಡು ಇನ್ನೊಂದು ರೊಟ್ಟಿ ಕೇಳಿದರು. ಬಸ್ಸಿನಲ್ಲಿ ಮೀನು ನೆಕ್ಕಿದ್ದು ಕೇಳುವ ಹೊತ್ತಿಗೆ ಆ ಸಪ್ಪೆ ಸಾರು ಪೂರ್ತಿ ಖಾಲಿಯಾಗಿತ್ತು. ಕಸ್ತೂರಿ ಅಂದು ಸಂತೋಷಕ್ಕೆ ಅತ್ತಳು.

ಮರುದಿನ ಮತ್ತೆ ತಾಟಿನ ಮುಂದೆ ಮಾವನ ಮೋರೆ ಸಪ್ಪಗಾಯಿತು. ಅಷ್ಟರಲ್ಲಿ ಪಕ್ಕದ ಮನೆಯವರು ಬಂದರು. ಅವರಿಗೆ ಕತೆ ಹೇಳುತ್ತ ಹೇಳುತ್ತ ಮಾವ ಸಪ್ಪೆ ಪಲ್ಯೆಯನ್ನು ಗೊತ್ತೇ ಆಗದಂತೆ ಉಂಡು ಮುಗಿಸಿದರು. ಕಸ್ತೂರಿಗೆ ದಾರಿ ಹೊಳೆಯಿತು. ಅಂದಿನಿಂದ ದಿನಾ ಮಧ್ಯಾಹ್ನ ಕತೆ ಕೇಳದವರೊಬ್ಬರನ್ನು ಹಿಡಿದು ಊಟಕ್ಕೆ ಕರೆಯತೊಡಗಿದಳು. ಮಾವ ಹೇಳುತ್ತಿದ್ದರು, ನಾನು ಎದುರಿಗೆ ಕುಳಿತು ಹೌದು ಹೌದು ಎಂದು ಸಾಕ್ಷಿ ನುಡಿಯುತ್ತಿದ್ದೆ. ಮಾವನ ತೋಳು ತುಂಬಿಕೊಂಡಿತು, ಬೀಪಿ ಇಳಿಯಿತು. ಡಾಕ್ಟರೂ ಒಂದು ದಿನ ಬಂದು ಕೇಳಿ ಹೋದರು. ಯರಗಟ್ಟಿಯಲ್ಲಿ ಕೇಳದವರು ಯಾರೂ ಉಳಿಯದೆ, ಕಸ್ತೂರಿ ಒಮ್ಮೆ ನನ್ನ ಅಂಗಡಿಗೆ ಮೋಟಾರು ತಂದ ರಾಮದುರ್ಗದ ಗಿರಾಕಿಯನ್ನೇ ಊಟಕ್ಕೆ ಕರೆದಳು. ಅವನು ಹೊಟ್ಟೆ ತುಂಬ ಉಂಡು, ಹೊಟ್ಟೆ ತುಂಬ ನಕ್ಕು, ಕೈ ತೊಳೆದುಕೊಂಡು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಮೋಟರ್ ನೀವ ರಿಪೇರಿ ಮಾಡ್ತೀರೇನ್ರಿ, ಅಂಗಡ್ಯಾಗ ಬ್ಯಾರೆ ಯಾರರ ಅದಾರೋ?” ಎಂದು ಕೇಳಿದ.