ಪಾಸಾದ ಕಿವಿಗಳನ್ನು ನಪಾಸು ಮಾಡಿಕೊಡುವ ಬಗ್ಗೆ

ಇಂದ:
ಇಕ್ಕಳ ಹಿಡಿಯುವವನು, ದೊಡ್ಡ ಸುತ್ತಿಗೆಯ ಎಡಬದಿ, ಫೋರ್ಜಿಂಗ್ ಶೆಡ್ (ಇನ್ನು ಮುಂದೆ ‘ಅರ್ಜಿದಾರ’)

ಗೆ:
ಕಾರ್ಖಾನೆಯ ವೈದ್ಯಾಧಿಕಾರಿಗಳು, ಆಡಳಿತ ಕಟ್ಟಡ, ಸದ್ದಿಲ್ಲದ ಮಹಡಿ

ವಿಷಯ: ಅರ್ಜಿದಾರನ ಕಿವಿಗಳಿಗೆ ತಪ್ಪಾಗಿ ದಯಪಾಲಿಸಿರುವ ‘ಅತ್ಯುತ್ತಮ’ ದರ್ಜೆಯನ್ನು ಹಿಂಪಡೆದು, ಅವನನ್ನು ಸದ್ದಿಲ್ಲದ ಬಿಡಿಭಾಗ ತಪಾಸಣೆ ಕೋಣೆಗೆ ವರ್ಗಾಯಿಸುವ ಬಗ್ಗೆ.

ಉಲ್ಲೇಖ: 1) ಈ ಸಾಲಿನ ಶ್ರವಣ ಪರೀಕ್ಷೆ.
2) “ಹೋಗಿ ನಿಜ ಹೇಳಿ ಬನ್ನಿ” ಎಂಬ ಹೆಂಡತಿಯ ಮೌಖಿಕ ಆದೇಶ (ಕೇಳಿಸಿರುವುದಿಲ್ಲ, ಮಗಳು ಚೀಟಿಯಲ್ಲಿ ಬರೆದು ತೋರಿಸಿದ್ದು).

ಮಾನ್ಯರೇ,

1. ಸದರಿ ಸುತ್ತಿಗೆಯು ಕಾದ ಕಬ್ಬಿಣದ ಮೇಲೆ ಬೀಳುತ್ತಿರುವಾಗ ಶೆಡ್ಡಿನಲ್ಲಿ ಯಾರ ಮಾತೂ ನಡೆಯುವುದಿಲ್ಲ. ಆದ್ದರಿಂದ ಅಂಗೈ ಕೆಳಗಾದರೆ ‘ಹೊಡಿ’, ಎರಡು ಬೆರಳಾದರೆ ‘ಮೆಲ್ಲಗೆ’, ಮುಷ್ಟಿಯಾದರೆ ‘ನಿಲ್ಲಿಸು’. ಎದುರಿನವನ ಕೈಮೇಲೆ ಕಣ್ಣಿಡದವನಿಗೆ ತನ್ನ ಕೈ ಉಳಿಯುವುದಿಲ್ಲ. ಕಾರಣ, ಅರ್ಜಿದಾರನ ಕಣ್ಣು ಎಲ್ಲಿ ಹೋದರೂ ಕೈಗಳನ್ನೇ ಹುಡುಕುತ್ತದೆ. ಬಸ್ಸಿನಲ್ಲಿ ಯಾರೋ ನೊಣ ಓಡಿಸಿದ್ದಕ್ಕೆ ಅರ್ಜಿದಾರನು ಹಿಂದೆ ಹಾರಿ ಕಂಡಕ್ಟರರ ಕಾಲು ತುಳಿದದ್ದೂ ಇದೆ.

2. ಕಾರ್ಖಾನೆಯು ಸದ್ದು ತಡೆಯಲೆಂದು ಹಳದಿ ಬಣ್ಣದ ಕಿವಿಬೆಣೆಗಳನ್ನು ಹಂಚಿದ್ದು ನಿಜ. ಆದರೆ ಮೇಸ್ತ್ರಿಯವರು ಅದೇ ದಿನ ಸುತ್ತಿಗೆಯ ಪಕ್ಕ ನಿಂತು ಏನೋ ಕೂಗಿದರು. ಯಾರಿಗೂ ಕೇಳಿಸಲಿಲ್ಲ. ಊಟದ ಬಿಡುವಿನಲ್ಲಿ ವಿಚಾರಿಸಲಾಗಿ, “ಅದನ್ನೆಲ್ಲ ಕಿವಿಗೆ ಹಾಕ್ಕೋಬೇಡ್ರಪ್ಪ, ನಾನು ಕೂಗಿದ್ದು ಕೇಳಿಸಬೇಕಲ್ಲ” ಎಂದದ್ದು ತಿಳಿದುಬಂತು.

3. ಶ್ರವಣ ಪರೀಕ್ಷೆಯ ದಿನ ಅರ್ಜಿದಾರನನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಏರಿಸಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗಲೆಲ್ಲ ಒತ್ತಬೇಕೆಂದು ತಿಳಿಸಲಾಯಿತು. ಗಾಜಿನ ಆಚೆ ಪರೀಕ್ಷೆ ಮಾಡುವ ಅಮ್ಮನವರು ಯಂತ್ರದ ತಿರುಪಿನ ಮೇಲೆ ಹೆಬ್ಬೆರಳಿಟ್ಟು ಕುಳಿತಿದ್ದರು. ಹೆಬ್ಬೆರಳು ಅಲುಗಿತು, ಅರ್ಜಿದಾರನು ಒತ್ತಿದನು. ಅಲುಗಿತು, ಒತ್ತಿದನು. ಮೋಸ ಮಾಡುವ ಉದ್ದೇಶವಿರಲಿಲ್ಲ, ಹೊಟ್ಟೆಪಾಡಿನ ಅಭ್ಯಾಸ. ಸದ್ದು ಯಾವಾಗ ಬರುತ್ತದೆಂದು ಅರ್ಜಿದಾರನು ಕೊನೆಯವರೆಗೂ ಕಾಯುತ್ತಲೇ ಇದ್ದನು. ಗೂಡಿನಿಂದ ಹೊರಬಂದಾಗ ತಾವು ಬೆನ್ನು ತಟ್ಟಿ, “ಮಗು ಕಿವಿ ಕಣಪ್ಪ ನಿಂದು” ಎಂದು ಬರೆದುಕೊಟ್ಟಿರಿ.

4. ಪಾಳಿಯ ಉಳಿದವರೂ ಇದೇ ವಿಧಾನದಲ್ಲಿ ಉತ್ತೀರ್ಣರಾದರು. ತತ್ಪರಿಣಾಮವಾಗಿ, ಸುತ್ತಿಗೆಯ ಸದ್ದಿನಿಂದ ಯಾರಿಗೂ ತೊಂದರೆಯಿಲ್ಲವೆಂದು ನೋಟಿಸ್ ಬೋರ್ಡಿನಲ್ಲಿ ಪ್ರಕಟವಾಗಿ, ಅರ್ಜಿದಾರನು ಮೊದಲೇ ಸಲ್ಲಿಸಿದ್ದ ವರ್ಗಾವಣೆ ಕೋರಿಕೆಯು ತಿರಸ್ಕೃತವಾಯಿತು. ಇಷ್ಟು ಒಳ್ಳೆಯ ಕಿವಿ ಸುತ್ತಿಗೆಯ ಪಕ್ಕದಲ್ಲೇ ಇರತಕ್ಕದ್ದೆಂದು ಮ್ಯಾನೇಜರರ ಷರಾ.

5. ಹೀಗಿರುವಲ್ಲಿ, ಕಳೆದ ರಜೆಯಂದು ಅರ್ಜಿದಾರನ ಮಗಳು ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ಅಪ್ಪನನ್ನು ಕಾವಲಿಗಿಟ್ಟು ಅಂಗಡಿಗೆ ಹೋದಳು. ಅರ್ಜಿದಾರನು ತೊಟ್ಟಿಲಿಗೆ ಬೆನ್ನು ಹಾಕಿ, ಮನೆ ಎಷ್ಟು ನೆಮ್ಮದಿಯಾಗಿದೆ ಎಂದುಕೊಳ್ಳುತ್ತ ಪೇಪರ್ ಓದುತ್ತಿದ್ದನು. ಎದುರುಮನೆಯ ಅಜ್ಜಿ ಒಳನುಗ್ಗಿ ಎತ್ತಿಕೊಂಡಾಗ ಕೂಸು ಅತ್ತೂ ಅತ್ತೂ ಕೆಂಪಗಾಗಿ ಬಿಕ್ಕುತ್ತಿತ್ತು. ಅಜ್ಜಿಗೆ ಅರ್ಜಿದಾರನು ಪ್ರಮಾಣಪತ್ರ ತೋರಿಸಿದನು. ಪ್ರಯೋಜನವಾಗಲಿಲ್ಲ.

ಮಗಳು ಬಂದು ಬೈಯಲಿಲ್ಲ. ಎಡಗಿವಿಯ ಹತ್ತಿರ ಬಾಯಿಟ್ಟು, “ಅಪ್ಪಾ, ಇನ್ಮೇಲೆ ಪಾಪೂನ ನಿಮ್ಮೊಬ್ಬರ ಹತ್ರ ಬಿಡಲ್ಲ” ಎಂದಳು.

6. ಮೇಲ್ಕಂಡ ವಾಕ್ಯವು ಅರ್ಜಿದಾರನಿಗೆ ಸ್ಪಷ್ಟವಾಗಿ ಕೇಳಿಸಿತು. ಆದ್ದರಿಂದ, ಸುತ್ತಿಗೆಯಿಂದ ದೂರವಿರುವ ಎಡಗಿವಿಯಲ್ಲಿ ಕೊಂಚ ಬಾಕಿ ಉಳಿದಿರುವುದು ರುಜುವಾತಾಗಿದೆ. ಕೂಸು ಈಚೆಗೆ ‘ತಾತ’ ಎನ್ನುತ್ತಿದೆಯೆಂದು ಮನೆಯವರ ವರದಿ. ಅಮ್ಮ, ಅಪ್ಪ ಎಂದರೆ ತುಟಿ ಕೂಡುತ್ತದೆ, ಕಂಡುಹಿಡಿಯಬಹುದು. ತಾತ ಎಂಬುದು ಹಲ್ಲಿನ ಹಿಂದೆಯೇ ಮುಗಿದುಹೋಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಕಿವಿಯ ಹತ್ತಿರ ಬಂದು ಹೇಳಬೇಕೆಂಬ ತಿಳಿವಳಿಕೆ ಕೂಸಿಗಿನ್ನೂ ಬಂದಿಲ್ಲ. ಬರುವವರೆಗೆ ಈ ಬಾಕಿಯನ್ನು ಸುತ್ತಿಗೆಗೆ ಬಿಟ್ಟುಕೊಡುವ ಮನಸ್ಸು ಅರ್ಜಿದಾರನಿಗಿಲ್ಲ.

ಕಾರಣ, ಅರ್ಜಿದಾರನನ್ನು ಮತ್ತೊಮ್ಮೆ ಪರೀಕ್ಷಿಸಿ, ಶಾಸ್ತ್ರೋಕ್ತವಾಗಿ ನಪಾಸು ಮಾಡಿ, ವರ್ಗಾಯಿಸಬೇಕಾಗಿ ಕೋರಿಕೆ.

ತಮ್ಮ ಕೈಯನ್ನೇ ನೋಡುತ್ತಿರುವ ವಿಶ್ವಾಸಿ,
ಅರ್ಜಿದಾರ

ಲಗತ್ತುಗಳು:
ಅ) ‘ಅತ್ಯುತ್ತಮ’ ಪ್ರಮಾಣಪತ್ರ, ಅಸಲು (ಹಿಂತಿರುಗಿಸುವ ಅಗತ್ಯವಿಲ್ಲ).
ಆ) ಕಿವಿಬೆಣೆ, ಒಂದು ಜೊತೆ, ಪೊಟ್ಟಣ ಒಡೆಯದ್ದು.
ಇ) ಮರುಪರೀಕ್ಷೆಯಲ್ಲಿ ಯಂತ್ರಕ್ಕೆ ಬೆನ್ನು ತಿರುಗಿಸಿ ಕೂರಲು ಒಪ್ಪಿರುವ ಪಾಳಿಯವರ ಸಹಿಗಳು. ಮೇಸ್ತ್ರಿಯವರ ಸಹಿ ಎಲ್ಲಕ್ಕಿಂತ ಮೇಲಿದೆ.

ವಿ.ಸೂ: ಮರುಪರೀಕ್ಷೆಯ ವೇಳೆ ಅರ್ಜಿದಾರನ ಎದುರಿಗೆ ಕನ್ನಡಿ, ಗಾಜಿನ ಬೀರು ಅಥವಾ ಹೊಳೆಯುವ ಸ್ಟೀಲ್ ಫ್ಲಾಸ್ಕ್ ಇಡದಂತೆ ದಯಮಾಡಿ ಆದೇಶಿಸಬೇಕು. ಮತ್ತೆ ಪಾಸಾಗಿಬಿಡುವ ಅಪಾಯವಿದೆ.