ಇದ್ದಲಿಗಿ ಅಂಟಿದ ಗ್ಯಾಸು, ಬಾಗಲಿಗಿ ಜೋತ ಹುಡುಗ

ನಾ ಬಾಯಿ ತೆಗೆದ್ರ ಸಾಕು, ತಿಳಿದವರಿಗೂ ತಿಳೀಲಾರದಂಗ ಆಗ್ತದ. ಇದು ನನ್ನ ಹಣೆಬರಹ. ಶಹಾಬಾದಿನ ಒಂದು ಕಾಲೇಜಿನ್ಯಾಗ ರಸಾಯನಶಾಸ್ತ್ರದ ಹಂಗಾಮಿ ಮಾಸ್ತರ ಇದ್ದೆ. ಪ್ರಿನ್ಸಿಪಾಲರು ಕರೆದು ಹೇಳಿದ್ರು: “ಗ್ಯಾಸು ಗಟ್ಟಿ ವಸ್ತುವಿಗಿ ಅಂಟೂ ಪಾಠ ಒಬ್ಬ ಹುಡುಗನಿಗಾದ್ರೂ ತಿಳೀಬೇಕ್ರಿ. ಇಲ್ಲಾಂದ್ರ ಮುಂದಿನ ವರ್ಷ ನೀವು ಬರಬ್ಯಾಡ್ರಿ.”

ರೊಟ್ಟಿ

“ರೊಟ್ಟಿ ಸಾರಿನ್ಯಾಗ ಅದ್ದಿದ್ರ ಸಾರು ಒಳಗ ಇಳೀತದ. ಅದು ಹೀರಿಕೆ. ಶೇಂಗಾದ ಹಿಂಡಿ, ಅಂದ್ರ ಚಟ್ನಿಪುಡಿ, ಮ್ಯಾಲಷ್ಟೇ ಹತ್ತಿಕೊಂತದ. ಅದು ಹೊರಹೀರಿಕೆ” ಅಂದೆ.

ಕೊಡ್ಲಿ ಊರಿನ ಕಡಿ ಹುಡುಗ ಒಬ್ಬ ಎದ್ದು ನಿಂತ. “ಸರ್, ಹಿಂಡಿಗಿ ಎಣ್ಣಿ ಕಲಿಸಿದ್ರ? ಎಣ್ಣಿ ಒಳಗ, ಹಿಂಡಿ ಮ್ಯಾಲ. ಅದು ಏನ್ರಿ?”

“ಅದು ಊಟ, ಕುಂದ್ರು!” ಅಂದೆ.

ಇದ್ದಲಿ

ಗಟ್ಟಿ ಮುಚ್ಚಳದ ಡಬ್ಬಿಯಾಗ ಇದ್ದಲಿ ಹಾಕಿ, ಪಂಪಿನಿಂದ ಗ್ಯಾಸು ಒತ್ತಿ ತುಂಬಿದೆ. ತುಸು ಹೊತ್ತಿಗಿ ಒತ್ತಡದ ಮುಳ್ಳು ಕೆಳಗ ಇಳೀತು. ಜವಾನ ಚಾಚಾ ಗಾಬರಿಯಾಗಿ ಕಿಟಕಿ ಎಲ್ಲಾ ತೆಗೆದ. “ಗ್ಯಾಸ್ ಭಾಗ್ ಗಯಾ ಸಾಬ್!”

“ಓಡಿ ಹೋಗಿಲ್ಲ ಚಾಚಾ, ಇದ್ದಲಿಗಿ ಅಂಟಿಕೊಂಡದ. ಒತ್ತಿದಷ್ಟೂ ಅಂಟತದ, ಜಾಗ ತುಂಬೂತನಕ.”

ಬಾಗಲದಾಗ ನಿಂತ ಪ್ರಿನ್ಸಿಪಾಲರು ಹೊಟ್ಟಿ ಹಿಡಕೊಂಡು ಕೇಳಿದ್ರು: “ನನಗೂ ಭಾಳ ಗ್ಯಾಸು ಅದರಿ. ಎಷ್ಟು ಇದ್ದಲಿ ತಿನ್ನಬೇಕು?”

ರೈಲು

ಮರುದಿನ ರೈಲಿನ ಉದಾಹರಣೆ ಹಿಡಿದೆ. “ಮಂದಿ ಅಂದ್ರ ಗ್ಯಾಸು, ಗಾಡಿ ಅಂದ್ರ ಇದ್ದಲಿ. ನೂಕು ಹೆಚ್ಚಾದ್ರ ಬಾಗಲಿಗಿ ಜೋತು ಬೀಳ್ತಾರ. ಕಮ್ಮಿ ಆದ್ರ ತಾವಾಗೇ ಬಿಡ್ತಾರ.” ಯಾರೂ ತಲಿ ಆಡಿಸಲಿಲ್ಲ. ನೌಕರಿ ಹೋತಲ್ಲೋ ದೇವರೇ ಅಂತ ಅವತ್ತು ಊಟಾನೂ ಸೇರಲಿಲ್ಲ.

ಮತ್ತೊಂದಿನ ಮುಂಜಾನೆ ಕಾಲೇಜಿಗಿ ಹೊಂಟಾಗ ವಾಡಿ ಸ್ಟೇಷನ್‌ದಾಗ ಗಾಡಿ ತುಂಬಿ ತುಳುಕಲಿಕತ್ತಿತ್ತು. ನಾನೂ, ಆ ಕೊಡ್ಲಿ ಹುಡುಗನೂ ಬಾಗಲಿಗಿ ಜೋತು ಬಿದ್ವಿ. ಪ್ರಿನ್ಸಿಪಾಲರು ಒಳಗ ಬಾಗಲ ಹತ್ರಾನೇ ಕುಂತಿದ್ರು. ಟೀಸಿ ಬಂದು ಹುಡುಗನ ಕಾಲರ್ ಹಿಡಿದ: “ಟಿಕೆಟ್ ತೆಗಿ!”

“ಟಿಕೆಟ್ ಒಳಗ ಹೋದವರಿಗ್ರಿ ಸಾಹೇಬ್ರ. ನಾ ಹೊರಹೀರಿಕೆ! ನೂಕು ಇರೂತನಕ ಅಂಟಿರ್ತೀನಿ, ಕಮ್ಮಿ ಆದ್ರ ಬಿಡ್ತೀನಿ. ನಮ್ಮ ಸರ್‌ಗ ಕೇಳ್ರಿ!”

“ಖರೇ ಏನ್ರಿ ಮಾಸ್ತರ?” ಟೀಸಿ ನನ್ನ ಕಡಿ ತಿರುಗಿ ಕೇಳಿದ.

ಅಲ್ಲ ಅಂದ್ರ ನನ್ನ ಪಾಠ ಸುಳ್ಳು, ಹೌದಂದ್ರ ಹುಡುಗನ ಕಳ್ಳತನಕ್ಕ ನಾ ಸಾಕ್ಷಿ. ಪ್ರಿನ್ಸಿಪಾಲರು ಕಿವಿ ಇತ್ತಲೇ ಇಟ್ಟಿದ್ರು. “ಖರೇ ಅದರಿ” ಅಂದೆ.

ಶಹಾಬಾದ್ ಬಂತು, ಮಂದಿ ಇಳಿದ್ರು. ಹುಡುಗ ಬಾಗಲ ಬಿಟ್ಟ. ಟೀಸಿ ಕಾಲರ್ ಬಿಡಲಿಲ್ಲ.

“ನೂಕು ಕಮ್ಮಿ ಆತಲ್ರಿ, ಬಿಡ್ರಿ!”

“ನಿಂದು ಬಿಡೂ ಅಂಟು. ನಂದು ಬಿಡಲಾರದ ಅಂಟು!”

ಪ್ರಿನ್ಸಿಪಾಲರು ಇಳಿದು ಬಂದು ನನ್ನ ಬೆನ್ನು ತಟ್ಟಿದ್ರು. “ಶಬ್ಬಾಸ್! ಒಬ್ಬನಿಗಾದ್ರೂ ಅಂದಿದ್ದೆ, ಟೀಸಿಗೂ ತಿಳೀತಲ್ರಿ! ನಿಮ್ಮ ನೌಕರಿ ಪಕ್ಕಾ. ಈ ಹುಡುಗನ ದಂಡ ಅಷ್ಟು ಕಟ್ಟಿ ಬರ್ರಿ.”