ಪರದೆಯಾಚೆಯ ಕೈ

ಹೆರಿಗೆ ನಾವು ಹೇಳಿದ ಹೊತ್ತಿಗೆ ಆಗುವುದಿಲ್ಲ. ಹೆರಿಗೆ ಮಾಡಿಸುವವರ ಸಭೆಯೂ ಹೇಳಿದಂತೆ ನಡೆಯುವುದಿಲ್ಲ. ಹತ್ತಿರ ಕೂತು ನೋಡಿದವನು ನಾನು. ನೋಡಿದೆ ಎನ್ನುವುದಕ್ಕಿಂತ ಕೇಳಿದೆ ಎನ್ನಬೇಕು.

ನಿಜಾಮರ ಕಾಲ. ನಾನು ಆಳಂದದ ದವಾಖಾನೆಯಲ್ಲಿ ಕಂಪೌಂಡರ್. ಹೈದರಾಬಾದಿನಲ್ಲಿ ಕಲಿತ ನರ್ಸಬಾಯಿಯೊಬ್ಬಳು ಅಲ್ಲಿಗೆ ಬಂದಳು. ಅಫಜಲಪುರಕ್ಕೊಬ್ಬಳು, ಜೇವರ್ಗಿಗೊಬ್ಬಳು ನರ್ಸ್ ಇದ್ದರು. “ತಾಲೂಕಿಗೊಬ್ರು ಒಂಟಿ ಒದ್ದಾಡಾಕತ್ತೇವ್ರಿ. ಕೂಡಿ ಮಾತಾಡಾಕ ಒಂದು ಸಂಘ ಬೇಕು,” ಎಂದಳು. ಹಳ್ಳಿಯ ಸೂಲಗಿತ್ತಿಯರನ್ನೂ ಕರೆದಳು.

ಬಂದವರಲ್ಲಿ ಗೋಷಾದ ಹೆಂಗಸರಿದ್ದರು, ಗಂಡಸಿನೆದುರು ಕೂಡುವಂತಿಲ್ಲ. ನಡೆದದ್ದನ್ನು ಕನ್ನಡ, ಉರ್ದು ಎರಡರಲ್ಲೂ ಬರೆದಿಡಲು ನಾನು ಬೇಕು. ಹೀಗಾಗಿ ಪಡಸಾಲೆಗೆ ಅಡ್ಡ ಹಗ್ಗ ಕಟ್ಟಿ, ದವಾಖಾನೆಯ ಚಾದರ ಇಳಿಬಿಟ್ಟು, ನನ್ನನ್ನು ಅದರಾಚೆ ಕೂರಿಸಿದರು. ಹಗ್ಗ ತಗ್ಗಾಗಿತ್ತು, ಎದ್ದರೆ ಆಚೆಗಿನವರು ಕಾಣುತ್ತಿದ್ದರು; ಏಳುವಂತಿರಲಿಲ್ಲ.

ನರ್ಸಬಾಯಿ, ನಾನು ಇಬ್ಬರೂ ಒಂಟಿ. ದವಾಖಾನೆಯಲ್ಲಿ ನಮ್ಮ ಮಾತೆಲ್ಲ ಔಷಧ, ಅಳತೆ. ಆಕೆಯ ನಗು ನಾನು ಕೇಳಿದ್ದು ಆ ಚಾದರದ ಈಚೆ ಕೂತೇ.

ಹಂಗಲ್ಲ, ಹಿಂಗ

ಮೊದಲ ಸಭೆಯಲ್ಲಿ ಆಕೆ ಅರಿವೆಯ ಗೊಂಬೆ ಹಿಡಿದು ಕೂಸನ್ನು ಎತ್ತಿಕೊಳ್ಳುವ ಬಗೆ ತೋರಿಸುತ್ತಿದ್ದಳು. “ಹಂಗಲ್ಲ, ಹಿಂಗ. ಹಾಂ, ಈಗ ಹಿಂಗ.” ನಾನು ಬರೆಯುತ್ತ ಹೋದೆ: ಹಂಗಲ್ಲ, ಹಿಂಗ. ಕೊನೆಗೆ ತಡೆಯಲಾರದೆ ಕೇಳಿದೆ, “ಹಿಂಗ ಅಂದ್ರ ಹೆಂಗ್ರಿ?”

ಚೌಡಾಪುರದ ಮುದುಕಿ ಸೂಲಗಿತ್ತಿ ಒಳಗಿಂದ ಕೂಗಿದಳು: “ತಮ್ಮಾ, ನೀ ಹಡೀವಾಗ ಹೇಳ್ತೇನಿ, ಆಗ ಬರ್ಕೊ!”

ಸಾಬೂನು

ನಮ್ಮ ಕಡೆ ಕೆಲಸ ಶುರುಮಾಡುವಾಗ ಯಾರಾದರೂ ಸೀನಿದರೆ ನಿಲ್ಲಿಸಿ, ನೀರು ಕುಡಿದು, ಮತ್ತೆ ಶುರುಮಾಡಬೇಕು. ಸೂಲಗಿತ್ತಿಯರಂತೂ ಈ ನೇಮ ತಪ್ಪಿಸುವುದಿಲ್ಲ.

ಸಾಬೂನಿನಿಂದ ಕೈ ತೊಳೆಯದೆ ಬಾಣಂತಿಯನ್ನು ಮುಟ್ಟಬಾರದು ಎಂದು ಠರಾವು ಮಾಡಬೇಕಿತ್ತು. ಆಕೆ ಕಾರ್ಬಾಲಿಕ್ ಸಾಬೂನನ್ನು ಕೈಯಿಂದ ಕೈಗೆ ದಾಟಿಸಿದಳು. ಒಬ್ಬಳು ಮೂಸಿ ನೋಡಿ ಸೀನಿದಳು. ಸಭೆ ನೀರು ಕುಡಿಯಿತು. ಮತ್ತೆ ಠರಾವು, ಮತ್ತೊಬ್ಬಳ ಸೀನು, ಮತ್ತೆ ನೀರು. ಕೊಡ ಬರಿದಾಗುತ್ತ ಬಂದಾಗ ಆಕೆ ಸಾಬೂನನ್ನು ಚಾದರದಡಿಯಿಂದ ನನ್ನ ಕಡೆ ದೂಡಿದಳು. ನಾನು ಸೀನಿದೆ.

ಪರದೆಯಾಚೆಯ ಸೀನು ಲೆಕ್ಕಕ್ಕೆ ಬರುತ್ತದೆಯೇ? ಅದರ ಮೇಲೆ ದೊಡ್ಡ ಚರ್ಚೆ. ಚೌಡಾಪುರದ ಮುದುಕಿ ತೀರ್ಪು ಕೊಟ್ಟಳು: “ಬರ್ತದವ್ವಾ, ಯಾಕ ಬರಂಗಿಲ್ಲ? ಗಂಡಸಿನ ಸೀನು, ಎರಡೆರಡು ಸಲ ಕುಡೀರಿ.”

ಯಾರು ಹಡೆದರು?

ಜೇವರ್ಗಿಯಲ್ಲಿ ಅಲ್ಲಿಯ ನರ್ಸಿನ ಮನೆಯಲ್ಲೇ ಸಭೆ. ಪರದೆಯ ಬಂಡಿಗಳು ಒಂದರ ಹಿಂದೊಂದು ಬಂದು ನಿಂತವು. ನಾನು ಹೊರಗಿನ ಕಟ್ಟೆಯ ಮೇಲಿದ್ದೆ. ಓಣಿಯ ಹೆಂಗಸೊಬ್ಬಳು ಬೆಲ್ಲ, ಒಣಶುಂಠಿ ತಂದಳು.

“ಯಾರು ಹಡದಾರ್ರೀ?”

“ಯಾರೂ ಹಡದಿಲ್ಲವ್ವ. ಇದು ಸಂಘದ ಸಭಾ.”

“ಮೂರು ತಾಲೂಕಿನ ಸೂಲಗಿತ್ತೇರು ಕೂಡ್ಯಾರ. ಯಾರೂ ಹಡದಿಲ್ಲಂದ್ರ ಹೆಂಗ?” ಆಕೆ ನನ್ನ ಮುಖ ನೋಡಿ ದನಿ ತಗ್ಗಿಸಿದಳು. “ಮುಚ್ಚಿಡಬ್ಯಾಡ್ರಿ ಯಣ್ಣಾ. ನಿಮ್ಮ ಮಾರಿ ನೋಡಿದ್ರ ತಿಳೀತದ. ಒಳಗ ಇರಾಕಿ ನಿಮ್ಮ ಮನ್ಯಾಕಿನೇ.”

ಒಳಗೆ ನಮ್ಮ ನರ್ಸಬಾಯಿ ಏನೋ ಹೇಳಿ ನಗುತ್ತಿದ್ದಳು. ನಾನು ಬೆಲ್ಲ ಇಸಿದುಕೊಂಡೆ.

ಕೈ

ಯಾವ ಹಳ್ಳಿಯಲ್ಲಿ ಯಾರಿದ್ದಾರೆಂದು ವಿಚಾರಿಸಿ ಕರೆಯೋಲೆ ಬರೆಯುತ್ತಿದ್ದವನು ನಾನೇ. ಸಂಘ ಬೆಳೆದರೆ ಆಕೆ ಆಳಂದ ಬಿಡುವುದಿಲ್ಲವೆಂದು ನಂಬಿದ್ದೆ. ಬೆಳೆದದ್ದಕ್ಕೇ ಕಲಬುರ್ಗಿಯ ದೊಡ್ಡ ದವಾಖಾನೆಯಿಂದ ಆಕೆಗೆ ಕರೆ ಬಂತು: ಜಿಲ್ಲೆಗೆಲ್ಲ ಇಂಥ ಸಂಘ ಕಟ್ಟಬೇಕು, ಇಲ್ಲಿಗೇ ಬಂದಿರಬೇಕು.

ಕರೆ ಬಂದ ಮೇಲೆ ಆಳಂದದಲ್ಲಿ ಕೂಡಿದ ಸಭೆಯಲ್ಲಿ ನಾಡಿ ನೋಡುವ ಪಾಠ. ಒಳಗೆ ಎಲ್ಲರೂ ಒಬ್ಬರ ಮುಂಗೈ ಒಬ್ಬರು ಹಿಡಿದು ಕೂತಿದ್ದರು. ನನ್ನದನ್ನು ನಾನೇ ಹಿಡಿದುಕೊಂಡೆ.

ಪಾಠ ಮುಗಿಸಿ ಆಕೆ ಹೇಳಿದಳು: “ಸಂಘ ಹೇಳಿದಂಗ ಮಾಡ್ತೇನಿ. ಕಲಬುರ್ಗಿಗೆ ಹೋಗು ಅನ್ನೋರು ಕೈ ಎತ್ರಿ.”

ಬಳೆಗಳು ಒಟ್ಟಿಗೆ ಸದ್ದು ಮಾಡಿದವು. ಯಾರೋ ಅಳುತ್ತ ಮೂಗು ಏರಿಸಿದ್ದೂ ಕೇಳಿಸಿತು.

“ಬ್ಯಾಡ ಅನ್ನೋರು?”

ಬಳೆಯ ಸದ್ದಿಲ್ಲ. ತುಸು ತಡೆದು ಗೊಳ್ಳೆಂದು ನಗು. ಏಕೆಂದು ತಲೆಯೆತ್ತಿ ನೋಡಿದರೆ, ನನ್ನ ಕೈ ಹಗ್ಗಕ್ಕಿಂತ ಮೇಲೆ ಎದ್ದು ನಿಂತಿತ್ತು.

“ಇಳಸ್ರಿ, ಕಂಪೌಂಡರ್ ಸಾಹೇಬ್ರ,” ಆಕೆಯ ದನಿ ಮೆತ್ತಗಿತ್ತು. “ಪರದೆಯಾಚೆಗಿನ ಕೈ ಲೆಕ್ಕಕ್ಕ ಬರಂಗಿಲ್ಲ.”

“ಸೀನು ಬಂದಿತ್ತಲ್ರಿ,” ಎಂದೆ.

ಚೌಡಾಪುರದ ಮುದುಕಿ ಕೂಗಿದಳು: “ಯವ್ವಾ, ಕೈ ಹೆಂಗ ನಡಗಾಕತ್ತದ ನೋಡ್ರಿ! ಇಷ್ಟೊತ್ತು ಕಲ್ತೀರಲ್ಲ, ಯಾರರೆ ನಾಡಿ ಹಿಡೀರಬೇ!”

ಎಲ್ಲರೂ ನಕ್ಕರು. ಆಕೆಯ ನಗುವೂ ಅದರಲ್ಲಿತ್ತು. ನಾನು ಕೈಯನ್ನು ಇನ್ನೂ ತುಸು ಹೊತ್ತು ಮೇಲೆಯೇ ಇಟ್ಟಿದ್ದೆ. ಯಾರೂ ಹಿಡಿಯಲಿಲ್ಲ.